ಹೊತ್ತವರಿಗೆ ದಾರಿ

ವಿಕಾರಾಬಾದಿನಲ್ಲಿ ರೈಲು ಇಳಿದಾಗ ಅಂಬವ್ವನಿಗೆ ತಪ್ಪು ಸ್ಟೇಷನ್ನಿನಲ್ಲಿ ಇಳಿದೆನೇನೋ ಅನ್ನಿಸಿತು. ಇಪ್ಪತ್ತೆಂಟು ವರ್ಷದಿಂದ ಆಕೆ ಹೈದರಾಬಾದಿನಿಂದ ಸೇಡಂಗೆ, ಸೇಡಂನಿಂದ ಹೈದರಾಬಾದಿಗೆ ಇದೇ ದಾರಿಯಲ್ಲಿ ಓಡಾಡಿದವಳು. ಹಬ್ಬಕ್ಕೆ ಹೋದದ್ದಿದೆ, ಮದುವೆಗೆ ಹೋದದ್ದಿದೆ, ತವರಿನವರ ಮಣ್ಣಿಗೂ ಹೋದದ್ದಿದೆ. ವಿಕಾರಾಬಾದ್ ಬಂತೆಂದರೆ ಕಿಟಕಿಯ ಗಾಳಿ ಸ್ವಲ್ಪ ತಂಪಾಗುತ್ತಿತ್ತು, ಆಚೆ ಒಂದು ಗುಡ್ಡ ಕಾಣುತ್ತಿತ್ತು, ಚಹಾದವರು ಬೋಗಿಗೆ ನುಗ್ಗುತ್ತಿದ್ದರು. ಆ ಊರಿನ ಪರಿಚಯ ಅಷ್ಟೇ. ಗುಡ್ಡ ನೋಡಲೆಂದು ಬೆನ್ನಿಗೆ ಚೀಲ ಹಾಕಿಕೊಂಡು ಇಳಿಯುವ ಹುಡುಗ ಹುಡುಗಿಯರನ್ನು ಕಂಡಾಗಲೆಲ್ಲ, ಇವರಿಗೆ ಮನೆಯಲ್ಲಿ ಕೆಲಸವಿಲ್ಲವೇ ಎಂದುಕೊಳ್ಳುತ್ತಿದ್ದಳು. ಈಗ ತಾನೇ ಇಳಿದಿದ್ದಳು, ಅದೂ ಕಾಲಿಗೆ ಬೂಟು ಹಾಕಿಕೊಂಡು.

ಬೂಟಿನ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮಗಳು ಸ್ನೇಹಲತಾ ಸುಲ್ತಾನ್ ಬಜಾರಿನಲ್ಲಿ ನಾಲ್ಕು ಅಂಗಡಿ ಹತ್ತಿಸಿ ಇಳಿಸಿ ಕೊಡಿಸಿದ ಬೂಟು ಅದು. ನೀಲಿ ಬಣ್ಣ, ಗುಲಾಬಿ ಲಾಡಿ. ಅಂಗಡಿಯವನ ಮುಂದೆ ಅಂಬವ್ವ ಮೂಗು ಮುರಿದಳು. ಮನೆಗೆ ಬಂದ ಮೇಲೆ ಬಾಗಿಲು ಮುಂದೆ ಮಾಡಿ ಐದು ಸಲ ಹಾಕಿ ಬಿಚ್ಚಿ ನೋಡಿದಳು. ಆರನೆಯ ಸಲ ಗಂಡನ ಕೈಗೆ ಸಿಕ್ಕಿಬಿದ್ದಳು. ಗಂಡ ಹಂಪಯ್ಯ ಹಳೆಯ ಗೌಂಡಿ, ಗೋಡೆ ಕಟ್ಟಿ ಕಟ್ಟಿ ಸೊಂಟ ಹಿಡಿದುಹೋದವನು. "ನಮಗ ಹತ್ತಿದ್ದಕ್ಕ ಪಗಾರ ಕೊಡ್ತಿದ್ರು. ನೀವು ಹತ್ತಾಕ ರೊಕ್ಕ ಕೊಟ್ಟು ಹೊಂಟೀರಲ್ಲ!" ಎಂದು ಆತ ಸೊಂಟ ಹಿಡಿದುಕೊಂಡೇ ನಕ್ಕ.

ಸ್ನೇಹಲತಾ ಜೀಡಿಮೆಟ್ಲಾದ ಔಷಧದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಗುಳಿಗೆ ಸರಿಯಾಗಿದೆಯೋ ಇಲ್ಲವೋ ಪರೀಕ್ಷಿಸಿ ಸಹಿ ಹಾಕುವ ಕೆಲಸ. ನನ್ನ ಮಗಳು ಹೂಂ ಅನ್ನದೆ ಒಂದು ಗುಳಿಗೆಯೂ ಗೇಟು ದಾಟುವುದಿಲ್ಲ ಎಂದು ಅಂಬವ್ವ ಗಲ್ಲಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಕೇಳದವರಿಗೂ ಹೇಳಿದ್ದಾಳೆ. ಆ ಮಗಳು ಗೆಳತಿಯರ ಜೊತೆ ಚಾರಣದ ತಂಡವೊಂದಕ್ಕೆ ಹೆಸರು ಕೊಡುವಾಗ ಅವ್ವನ ಹೆಸರನ್ನೂ ಕೊಟ್ಟಳು. ಹನ್ನೆರಡು ಜನ. ವಿಕಾರಾಬಾದಿನ ಲಾಡ್ಜಿನಲ್ಲಿ ಎರಡು ರಾತ್ರಿ. ಮೊದಲ ದಿನ ಅನಂತಗಿರಿಯ ಕಾಡು ಮತ್ತು ಕೋಟಪಲ್ಲಿ ಕೆರೆ, ಎರಡನೆಯ ದಿನ ಊರಿನವರು ಪೆದ್ದ ಗುಟ್ಟ ಎನ್ನುವ ಗುಡ್ಡ.

ಅವ್ವನಿಗೆ ಆಕೆ ಹಾಕಿದ ಷರತ್ತು ಒಂದೇ. "ನೀ ಏನೂ ಹೊರಂಗಿಲ್ಲ. ನೀರಿನ ಬಾಟ್ಲಿ ಸೈತ ನನ್ನ ಹತ್ರ. ಬರೇ ಕೈ ಬೀಸಿಕೊಂತ ನಡಿಬೇಕು."

"ಕೈ ಬೀಸಿ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ. ಅದಕ್ಕ ಕರ್ಕೊಂಡು ಹೊಂಟೀನಿ."

ಈ ಹಟದ ಹಿಂದೆ ಹಳೆಯ ನೋವೊಂದಿತ್ತು. ಅದು ಇಬ್ಬರಿಗೂ ಗೊತ್ತಿದ್ದರೂ ಮಾತಿಗೆ ಬಂದದ್ದು ಮಾತ್ರ ಮೊದಲ ದಿನದ ಸಂಜೆ, ಲಾಡ್ಜಿನ ಮಾಳಿಗೆಯ ಮೇಲೆ. ಹಗಲೆಲ್ಲ ಚೆನ್ನಾಗಿ ಕಳೆದಿತ್ತು. ಕಾಡಿನಲ್ಲಿ ನಡೆದರು. ಕೆರೆಯಲ್ಲಿ ದೋಣಿಯ ಹುಟ್ಟು ಹಾಕುವಾಗ ಅಂಬವ್ವ ಸಿಮೆಂಟು ಕಲಸುವ ಹಾಗೆ ಹಾಕಿದ್ದರಿಂದ ದೋಣಿ ನಿಂತಲ್ಲೇ ಗಿರಗಿರ ತಿರುಗಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಈಗ ಬಿಸಿಲು ಇಳಿಯುವ ಹೊತ್ತಿಗೆ ಊರಿನ ಹೊರಗೆ ಪೆದ್ದ ಗುಟ್ಟ ಕಾಣುತ್ತಿತ್ತು. ಹಿಮಾಲಯ ಕಂಡವರು ಅದನ್ನು ನೋಡಿ ನಗಬಹುದು, ನಗಲಿ. ಅಂಬವ್ವ ಅದರ ನೆತ್ತಿಯನ್ನು ಕಣ್ಣಲ್ಲೇ ಅಳೆದಳು.

"ಎಷ್ಟ್ ಮಾಳಿಗಿ ಆಗಬಹುದು?" ಎಂದು ಕೇಳಿದಳು.

"ಐವತ್ತು ಆಗಬಹುದವ್ವ."

"ಆ ಬಿಲ್ಡಿಂಗ್ ಹದಿನಾಕು ಇತ್ತು," ಎಂದಳು ಅಂಬವ್ವ.

ಯಾವ ಬಿಲ್ಡಿಂಗು ಎಂದು ಮಗಳು ಕೇಳಲಿಲ್ಲ. ಹೈದರಾಬಾದಿನ ಪಡುವಣ ಮಗ್ಗುಲಿನಲ್ಲಿ ಹದಿನಾಲ್ಕು ಮಹಡಿಯ ಕಟ್ಟಡವೊಂದಿದೆ. ಸ್ನೇಹಲತಾ ಹೊಟ್ಟೆಯಲ್ಲಿದ್ದಾಗ ಅಂಬವ್ವ ಅದರ ಏಳನೆಯ ಮಹಡಿಗೆ ಮಾಲು ಹೊತ್ತಿದ್ದಳು. ಮಗಳು ಹುಟ್ಟಿ ಜೋಳಿಗೆಯಲ್ಲಿ ಮಲಗಿದ್ದಾಗ ಹದಿನಾಲ್ಕನೆಯದಕ್ಕೆ ಹೊತ್ತಳು. ಮಗಳಿಗೆ ಒಂಬತ್ತು ವರ್ಷವಾದಾಗ ಒಂದು ದಿನ, ಎಣ್ಣೆ ಹಾಕಿ ಜಡೆ ಹೆಣೆದು, ಮೆಹದಿಪಟ್ಟಣದಿಂದ ಬಸ್ಸು ಹಿಡಿದು, ಆ ಕಟ್ಟಡವನ್ನು ತೋರಿಸಲು ಕರೆದೊಯ್ದಳು. ಮೇಲಿನಿಂದ ಊರು ಹೇಗೆ ಕಾಣುತ್ತದೆಂದು ಮಗಳಿಗೆ ತೋರಿಸಬೇಕೆಂಬುದೊಂದೇ ಆಸೆ. ಗೇಟಿನ ಕಾವಲಿನವನು "ಎವರಿ ಇಂಟಿಕಿ?" ಎಂದು ಕೇಳಿದ. ಯಾರ ಮನೆಗೆ? ಅಂಬವ್ವನಿಗೆ ಹೇಳಲು ಯಾರ ಹೆಸರೂ ಇರಲಿಲ್ಲ. ಕಟ್ಟಿದವಳು ನಾನು ಎಂದರೆ ನಗುತ್ತಾನೆಂದು ತಿಳಿದು ಸುಮ್ಮನೆ ಮಗಳ ಕೈ ಹಿಡಿದು ತಿರುಗಿದಳು. ಬಸ್ಸಿನಲ್ಲಿ ಮಗಳು ಅತ್ತಳು, ಅಂಬವ್ವ ಅಳಲಿಲ್ಲ.

ಎಷ್ಟೋ ಕಟ್ಟಡ ಹತ್ತಿದ್ದಾಳೆ ಆಕೆ. ಎಲ್ಲವನ್ನೂ ಅರ್ಧ ಆದಾಗಲೇ ಹತ್ತಿದ್ದು. ಮುಗಿದ ಮೇಲೆ ಯಾವುದರ ನೆತ್ತಿಯ ಮೇಲೂ ನಿಂತಿಲ್ಲ.

"ನಾಳೆ ನಿಂದ್ರತೀವಿ," ಎಂದಳು ಸ್ನೇಹಲತಾ. "ತಲಿ ಮ್ಯಾಲೆ ಏನೂ ಇಲ್ದ ನಿಂದ್ರತೀವಿ."

ಮರುದಿನ ಬೆಳಿಗ್ಗೆ ಆರೂವರೆಗೆ ಗುಡ್ಡದ ಬುಡದಲ್ಲಿ ತಂಡದ ಮುಂದಾಳು ಪ್ರಜ್ವಲ ಎಲ್ಲರನ್ನೂ ನಿಲ್ಲಿಸಿ ಮಾತಾಡಿದ. ಬೀದರಿನ ಕಡೆಯ ಹುಡುಗ, ಮೂವತ್ತಕ್ಕೆ ಒಂದೆರಡು ಕಡಿಮೆ, ಮಾತು ಕಡಿಮೆ, ಗಡಿಯಾರದ ಮೇಲೆ ಕಣ್ಣು ಜಾಸ್ತಿ. ಅರ್ಧ ದಾರಿಯಲ್ಲಿ ಜೋಡಿ ಬಂಡೆ ಸಿಗುತ್ತದೆ, ಒಂಬತ್ತು ಗಂಟೆಯೊಳಗೆ ಅಲ್ಲಿಗೆ ಮುಟ್ಟದವರು ಮೇಲೆ ಬರುವಂತಿಲ್ಲ, ವಾಪಸು ಇಳಿಯಬೇಕು ಎಂದ. ಹೋದ ವರ್ಷ ದಣಿದವರೊಬ್ಬರು ಮೇಲಿನ ಏರಿನಲ್ಲಿ ತಲೆ ತಿರುಗಿ ಬಿದ್ದಿದ್ದರಂತೆ. ಅಂದಿನಿಂದ ಈ ನಿಯಮ, ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಅಂಬವ್ವ ತಲೆಯಾಡಿಸಿದಳು. ನಿಯಮ ಇರುವ ಕೆಲಸವೆಂದರೆ ಆಕೆಗೆ ಇಷ್ಟವೇ.

ಕಾಲುದಾರಿ ಕಿರಿದಾಗಿತ್ತು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಮುಳ್ಳಿನ ಪೊದೆ. ರವಿವಾರವಾದ್ದರಿಂದ ಬೇರೆ ತಂಡಗಳೂ ಬಂದಿದ್ದವು. ಗೆಳತಿಯರು ಕರೆದರೂ ಸ್ನೇಹಲತಾ ಮುಂದೆ ಹೋಗಲು ಹಿಂಜರಿದಾಗ ಅಂಬವ್ವನೇ, "ನೀ ನಡಿ, ನಾ ಬರ್ತೀನಿ. ನನಗೇನ್ ಹತ್ತೂದು ಹೊಸದಾ?" ಎಂದು ಕಳಿಸಿದಳು.

ಎಡವಟ್ಟಾದದ್ದು ಇಲ್ಲೇ. ಕಟ್ಟಡದ ಕೆಲಸದಲ್ಲಿ ಎಲ್ಲೂ ಬರೆದಿಡದ ಕಾನೂನೊಂದಿದೆ. ಮಾಲು ಸಾಗಿಸುವ ಹಲಗೆಯ ಮೇಲೆ ಇಬ್ಬರು ಒಟ್ಟಿಗೆ ಬಂದರೆ, ತಲೆಯ ಮೇಲಿನ ಪುಟ್ಟಿ ಖಾಲಿ ಇರುವಾಕೆ ಬದಿಗೆ ಒತ್ತಿ ನಿಲ್ಲಬೇಕು, ತುಂಬಿದಾಕೆ ನಿಲ್ಲದೆ ಹೋಗಬೇಕು. ಏರಿನ ನಡುವೆ ಹೊರೆ ಹೊತ್ತು ನಿಲ್ಲುವುದು ಎಂಥ ಶಿಕ್ಷೆಯೆಂದು ಹೊತ್ತವರಿಗೇ ಗೊತ್ತು. ಖಾಲಿ ಇದ್ದೂ ಹೊತ್ತವಳನ್ನು ದಾಟಿ ಹೋದವಳನ್ನು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳುವುದಿಲ್ಲ. ಇಪ್ಪತ್ತೆಂಟು ವರ್ಷ ಈ ಕಾನೂನಿನಲ್ಲಿ ನಡೆದ ಕಾಲು ಅಂಬವ್ವನದು.

ಮತ್ತು ಆ ಗುಡ್ಡದ ದಾರಿಯಲ್ಲಿ ಬೆನ್ನಿಗೋ ಹೆಗಲಿಗೋ ಏನೂ ಇಲ್ಲದೆ ನಡೆಯುತ್ತಿದ್ದವಳು ಆಕೆ ಒಬ್ಬಳೇ.

ಹಿಂದೆ ಯಾರದಾದರೂ ಹೆಜ್ಜೆ ಸದ್ದು ಕೇಳಿದರೆ ಸಾಕು, ಅಂಬವ್ವ ಮುಳ್ಳಿನ ಪೊದೆಗೆ ಸೆರಗು ತಾಗುವಷ್ಟು ಸರಿದು ನಿಲ್ಲುತ್ತಿದ್ದಳು. "ಹೋಗ್ರಿ, ಹೋಗ್ರಿ." ಕಾಲೇಜು ಹುಡುಗರ ತಂಡ ಹೋಯಿತು. ಕ್ಯಾಮೆರಾದವರು ಹೋದರು. ಕೈಯಲ್ಲಿ ಕೋಲು ಹಿಡಿದ ಇಬ್ಬರು ಅಜ್ಜಂದಿರು ಹೋದರು. ಈಗ ಆಕೆಯ ಮುಂದೆ ಉಳಿದವರು ಪರಮೇಶ ಸಾಹೇಬರು, ಮೆಹದಿಪಟ್ಟಣದ ಬ್ಯಾಂಕಿನವರು, ಮೈ ಭಾರದ ಮನುಷ್ಯ, ಇವರದೇ ತಂಡ. ಅವರು ಹತ್ತು ಹೆಜ್ಜೆಗೊಮ್ಮೆ ಸೊಂಟದ ಮೇಲೆ ಕೈಯಿಟ್ಟು ನಿಂತು ಉಸಿರು ಬಿಡುತ್ತಿದ್ದರು. ಅವರ ಬೆನ್ನ ಮೇಲೆ ಚೀಲವಿತ್ತು. ಅಂಬವ್ವ ಹಿಂದೆ ಕೈಕಟ್ಟಿ ಕಾದು ನಿಂತಳು. ಅವರು ನಡೆದರೆ ನಡೆದಳು, ಅವರು ನಿಂತರೆ ನಿಂತಳು. ಪಾಪ, ಹೊತ್ತಾರ, ಎಂದುಕೊಂಡಳು.

ಅಂಬವ್ವ ಜೋಡಿ ಬಂಡೆ ಮುಟ್ಟಿದಾಗ ಒಂಬತ್ತು ದಾಟಿ ಹತ್ತು ನಿಮಿಷ. ಪರಮೇಶ ಸಾಹೇಬರು ಕೊನೆಯ ತಿರುವಿನಲ್ಲಿ ಓಡಿದಂತೆ ಮಾಡಿ ಒಂಬತ್ತಕ್ಕೆ ಸರಿಯಾಗಿ ಮುಟ್ಟಿ ಬಂಡೆಯ ಮೇಲೆ ಅಂಗಾತ ಬಿದ್ದಿದ್ದರು. ಅದೇ ತಿರುವಿನಲ್ಲಿ ಇನ್ನೊಂದು ತಂಡ ಬಂದದ್ದರಿಂದ ಅಂಬವ್ವ ಅಷ್ಟೂ ಜನ ದಾಟುವವರೆಗೆ ಪೊದೆಗೆ ಒತ್ತಿ ನಿಂತಿದ್ದಳು.

ಪ್ರಜ್ವಲ ಗಡಿಯಾರ ನೋಡಿದ. "ಅವ್ವಾರ, ತಪ್ಪು ತಿಳ್ಕೊಬ್ಯಾಡ್ರಿ. ನೀವು ದಣಿದೀರಿ. ಇಲ್ಲಿಂದ ಮ್ಯಾಲೆ ಏರು ಭಾಳ ಐತ್ರಿ. ಅಡಗಿ ಮಾಣಿಕಪ್ಪಣ್ಣ ನಿಮ್ಮನ್ನ ಕೆಳಗ ಬಿಟ್ಟು ಬರ್ತಾರ."

"ಯಾರು ದಣಿದಾರ?" ಎಂದು ಅಂಬವ್ವ ಹಿಂದೆ ತಿರುಗಿ ನೋಡಿದಳು.

"ನೀವ್ರಿ."

"ನಾನಾ?"

ಮೊದಲು ನಗು ಬಂತು. ಹುಡುಗನ ಮುಖದಲ್ಲಿ ನಗು ಕಾಣದಾದಾಗ ಸಿಟ್ಟು ನೆತ್ತಿಗೇರಿತು. "ಏ ತಮ್ಮಾ, ನನ್ನ ಉಸಿರು ನೋಡು. ಏರೇತೇನು? ಇವ್ರೆಲ್ಲಾ ಹೊತ್ತಾರ, ನಾ ಖಾಲಿ ಅದೀನಿ. ಹೊತ್ತವ್ರನ್ನ ದಾಟಿ ಹ್ಯಾಂಗ ಬರೂದು? ನಾಚಿಕಿ ಬ್ಯಾಡೇನು?"

ಪ್ರಜ್ವಲನಿಗೆ ಇದು ಅರ್ಥವಾಗಲಿಲ್ಲ. ಹಿಂದುಳಿದವರು ನೂರು ಕಾರಣ ಹೇಳುವುದನ್ನು ಕೇಳಿದವನು, ಇದು ನೂರಾ ಒಂದನೆಯದೆಂದು ತಿಳಿದ. ಅವನನ್ನು ಬೈದು ಪ್ರಯೋಜನವಿಲ್ಲ, ಯಾರಾದರೂ ಬಿದ್ದರೆ ಉತ್ತರ ಕೊಡಬೇಕಾದವನು ಅವನೇ. ಆದರೆ ಸ್ನೇಹಲತಾಳಿಗೆ ಅರ್ಥವಾಯಿತು. ಜೋಳಿಗೆಯಿಂದಲೇ ಆ ಹಲಗೆಗಳನ್ನು ನೋಡುತ್ತ ಬೆಳೆದವಳು ಆಕೆ. ಓಡಿ ಬಂದು ಅವ್ವನ ರಟ್ಟೆ ಹಿಡಿದಳು.

"ಯವ್ವಾ, ಇಲ್ಲಿ ಆ ಕಾನೂನಿಲ್ಲ. ದಾಟಿ ಹೋಗು."

"ನಿನಗ ಇಲ್ಲ. ನನ್ನ ಕಾಲಿಗೆ ಐತಲ್ಲ," ಎಂದಳು ಅಂಬವ್ವ. ಧ್ವನಿ ಸಣ್ಣಗಾಗಿತ್ತು. ನೆತ್ತಿ ಕಾಣುವಷ್ಟು ಹತ್ತಿರ ತಾನು ಬಂದ ಮೇಲೆ, ಇನ್ನೊಬ್ಬ ಗಡಿಯಾರ ತೋರಿಸಿ ಇಳಿಯಿರಿ ಎನ್ನುತ್ತಿದ್ದಾನೆ. ಗೇಟಿನ ಮುಂದೆ ಮಗಳ ಕೈ ಹಿಡಿದು ತಿರುಗಿದ್ದು ಆಕೆಗೆ ನೆನಪಾಯಿತು.

ಅಡುಗೆಯ ಮಾಣಿಕಪ್ಪ ಅಷ್ಟು ಹೊತ್ತಿಗೆ ಹೆಗಲ ಮೇಲಿದ್ದ ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಬಂಡೆಯ ಮೇಲಿಟ್ಟು ಬೆವರು ಒರೆಸಿಕೊಂಡ. ಎಂದಿನ ಜೊತೆಗಾರ ಬಾರದಿದ್ದರಿಂದ ಒಬ್ಬನೇ ಹೊತ್ತು ತಂದಿದ್ದ. ಮೇಲೆ ಊಟಕ್ಕೆ ಕುಳಿತಾಗ ಹನ್ನೆರಡು ಜನರಿಗೂ ಅದೇ ನೀರು. "ನಾ ಇವರನ್ನ ಕರ್ಕೊಂಡು ಇಳಿದ್ರ ನೀರು ಯಾರು ಒಯ್ತಾರ?" ಎಂದು ಕೇಳಿದ.

"ನಾ ಒಯ್ತೀನಿ," ಎಂದು ಪ್ರಜ್ವಲ ಬಗ್ಗಿ ಕ್ಯಾನನ್ನು ಹೆಗಲಿಗೇರಿಸಿದ. ನಾಲ್ಕು ಹೆಜ್ಜೆ ಇಟ್ಟ. ಕ್ಯಾನು ಆ ಕಡೆ ವಾಲಿತು, ಹುಡುಗ ಈ ಕಡೆ ವಾಲಿದ. ಅಂಬವ್ವ ಹಲ್ಲು ಕಚ್ಚಿಕೊಂಡು ನೋಡಿದಳು. ಕೆಲಸ ಗೊತ್ತಿಲ್ಲದವರು ಕೆಲಸ ಮಾಡುವುದನ್ನು ನೋಡುತ್ತ ನಿಲ್ಲುವ ಸಹನೆ ಆಕೆಗೆ ಎಂದೂ ಇರಲಿಲ್ಲ.

"ಇಳಸಪ್ಪ, ಇಳಸು. ಕುತ್ತಿಗಿ ಉಳುಕೀತು," ಎಂದಳು. ಮಾಣಿಕಪ್ಪನ ಹೆಗಲ ಮೇಲಿನ ಟವೆಲನ್ನು ಕೇಳಿ ತೆಗೆದುಕೊಂಡು, ಎರಡು ಸುತ್ತು ತಿರುವಿ, ತುದಿ ಒಳಗೆ ಸಿಕ್ಕಿಸಿ ಸಿಂಬಿ ಮಾಡಿದಳು. ನೆತ್ತಿಯ ಮೇಲಿಟ್ಟುಕೊಂಡಳು. "ಆ ನೀರು ನನಗ ಕೊಡು. ಎಲ್ಲಾರಕಿಂತ ಮೊದಲ ಮ್ಯಾಲೆ ಮುಟ್ಟಲಿಲ್ಲ ಅಂದ್ರ ನಾನ ಒಬ್ಬಾಕಿನ ಇಳಿದು ಹೈದರಾಬಾದಿಗೆ ಹೋಗ್ತೀನಿ."

"ಬ್ಯಾಡ!" ಎಂದಳು ಸ್ನೇಹಲತಾ. ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ. "ಇವತ್ತೊಂದಿನ ಬ್ಯಾಡ ಅಂತ ಹೇಳಿದ್ನೋ ಇಲ್ಲೋ? ಅದಕ್ಕಂತ ನಿನ್ನ ಕರ್ಕೊಂಡು ಬಂದೀನೇನು?"

ಅಂಬವ್ವ ಮಗಳ ಮುಖ ನೋಡಿದಳು. ಒಂಬತ್ತು ವರ್ಷದ ಹುಡುಗಿ ಬಸ್ಸಿನಲ್ಲಿ ಅತ್ತ ಮುಖವೇ ಅದು. "ಸ್ನೇಹಾ, ಕೇಳಿಲ್ಲಿ. ನನಗ ಇದರದ್ದೇನ್ ನಾಚಿಕಿ ಇಲ್ಲ ನನ್ನವ್ವ. ನಿನಗ ಯಾಕ? ಇದು ನನ್ನ ಕೆಲಸ, ಇದರಾಗ ನನ್ನ ಮೀರಿಸಿದಾಕಿ ಇಲ್ಲ. ಖಾಲಿ ತಲಿ ಇಟ್ಕೊಂಡು ಸೋತು ಇಳಿಲ್ಯೋ, ಹೊತ್ಕೊಂಡು ಗೆದ್ದು ಹತ್ಲ್ಯೋ? ನೀನ ಹೇಳು."

ಸ್ನೇಹಲತಾ ಅವ್ವನ ರಟ್ಟೆ ಬಿಟ್ಟಳು.

"ಒಬ್ಬಾಕಿ ಎತ್ತಾಕ ಆಗೂದಿಲ್ಲ," ಎಂದಳು ಅಂಬವ್ವ. "ಕೈ ಹಚ್ಚು."

ತಲೆಹೊರೆಗೆ ಯಾವಾಗಲೂ ಎರಡನೆಯವರ ಕೈ ಬೇಕು, ಎತ್ತುವುದಕ್ಕೂ ಇಳಿಸುವುದಕ್ಕೂ. ಸ್ನೇಹಲತಾ ಕಣ್ಣು ಒರೆಸಿಕೊಂಡು ಕ್ಯಾನಿನ ಒಂದು ಬದಿಗೆ ಕೈ ಹಾಕಿದಳು. ಅವ್ವನ ತಲೆಯ ಮೇಲೆ ಇನ್ನೆಂದೂ ಹೊರೆ ಬೀಳಬಾರದೆಂದು ಓದಿದ ಹುಡುಗಿ, ತನ್ನ ಕೈಯಿಂದಲೇ ಎತ್ತಿ ಇಟ್ಟಳು. ಅಂಬವ್ವನ ಕುತ್ತಿಗೆ ನೆಟ್ಟಗಾಯಿತು. ಸೊಂಟ ನೆಟ್ಟಗಾಯಿತು. ಬೆಳಗಿನಿಂದ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ ಕೈಗಳಲ್ಲಿ ಒಂದು ಕ್ಯಾನಿಗೆ ಹೋಯಿತು, ಇನ್ನೊಂದು ತಾನಾಗಿ ಬೀಸತೊಡಗಿತು.

ಪ್ರಜ್ವಲ ಬಾಯಿ ತೆರೆದ. ಆಕೆ ಆಗಲೇ ಹೊರಟಿದ್ದಳು.

"ದಾರಿ! ದಾರಿ!"

ಆ ಒಂದು ಮಾತು ತೆಲುಗಿನವರಿಗೂ ಗೊತ್ತು, ಕನ್ನಡದವರಿಗೂ ಗೊತ್ತು. ಮುಂದಿದ್ದ ಕಾಲೇಜು ಹುಡುಗರು ತಿರುಗಿ ನೋಡಿ ಗಡಬಡಿಸಿ ಬದಿಗೆ ಸರಿದರು. ಕ್ಯಾಮೆರಾದವರು ಸರಿದರು. ಕೋಲಿನ ಅಜ್ಜಂದಿರು ಕೋಲು ಎತ್ತಿ ಹಿಡಿದು ನಿಂತರು. ಕಾನೂನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ನೀಲಿ ಬೂಟು, ಹಸಿರು ಸೀರೆ, ತಲೆಯ ಮೇಲೆ ಒಂದು ಹನಿ ತುಳುಕದ ನೀರು ಎದುರಿಗೆ ಬಂದಾಗ ಸರಿಯದೆ ನಿಲ್ಲುವವರು ಯಾರು? ಅಂಬವ್ವ ಓಡಲಿಲ್ಲ, ಅವಸರ ಮಾಡಲಿಲ್ಲ. ಒಂದೇ ಹದದ ಹೆಜ್ಜೆ. ಏರಿನ ನಡುವೆ ನಿಲ್ಲಬಾರದು, ಕಾಲ ಕೆಳಗೆ ನೋಡಬಾರದು, ನೆಲ ಪಾದಕ್ಕೆ ತಾನೇ ತಿಳಿಯುತ್ತದೆ. ಹಿಂದೆ ಪ್ರಜ್ವಲ "ಅವ್ವಾರ, ಸಾವಕಾಶ, ಸಾವಕಾಶ್ರಿ" ಎನ್ನುತ್ತ ಬರುತ್ತಿದ್ದ. ಸ್ವಲ್ಪ ಹೊತ್ತಿಗೆ ಅದನ್ನು ಹೇಳಲು ಅವನಿಗೇ ಉಸಿರು ಸಾಲದೆ ಹೋಯಿತು. ಪ್ರತಿ ಗುಂಪನ್ನು ದಾಟುವಾಗಲೂ ಅಂಬವ್ವನ ಎದೆ ಒಂದಿಷ್ಟು ಉಬ್ಬಿತು, ಇದನ್ನು ಮುಚ್ಚಿಡುವುದೇಕೆ? ಗೆಲ್ಲುತ್ತಿರುವುದು ಆಕೆಗೆ ಗೊತ್ತಿತ್ತು, ಮಗಳು ನೋಡುತ್ತಿರುವುದೂ ಗೊತ್ತಿತ್ತು.

ನೆತ್ತಿಯ ಮೇಲೆ ಮನೆಯಂಗಳದಷ್ಟು ಅಗಲದ ಹಾಸುಬಂಡೆ. ಅಂಬವ್ವ ಅಲ್ಲಿಗೆ ಮುಟ್ಟಿದಾಗ ಇನ್ನೂ ಯಾರೂ ಬಂದಿರಲಿಲ್ಲ. ಕ್ಯಾನು ಇಳಿಸಲು ಇನ್ನೊಬ್ಬರ ಕೈ ಇರಲಿಲ್ಲ. ಹಾಗಾಗಿ ಹೊತ್ತುಕೊಂಡೇ ನಿಂತು ನೋಡಿದಳು. ಕೆಳಗೆ ಕಾಡು, ಕೆಂಪು ಹೊಲ, ನಿನ್ನೆ ದೋಣಿ ಗಿರಗಿರ ತಿರುಗಿದ ಕೆರೆಯ ಒಂದು ಚೂರು. ಆಚೆ ರೈಲಿನ ಹಳಿ. ಅದರ ಮೇಲೆ ಸೇಡಂ ಕಡೆಗೆ ಒಂದು ರೈಲು ಹೋಗುತ್ತಿತ್ತು. ಇಪ್ಪತ್ತೆಂಟು ವರ್ಷ ಆ ಕಿಟಕಿಗಳೊಳಗಿಂದ ಈ ಗುಡ್ಡವನ್ನು ನೋಡಿದವಳು, ಈಗ ಗುಡ್ಡದ ಮೇಲಿಂದ ಆ ಕಿಟಕಿಗಳನ್ನು ನೋಡಿದಳು.

ಪ್ರಜ್ವಲ ಬಂದ, ಮೊಣಕಾಲಿಗೆ ಕೈ ಕೊಟ್ಟು ನಿಂತ. ಕ್ಯಾನಿಗೆ ಕೈ ಹಾಕಲು ಬಂದವನನ್ನು ಅಂಬವ್ವ ಕಣ್ಣಿನಿಂದಲೇ ತಡೆದಳು. ಸ್ನೇಹಲತಾ ಬರುವವರೆಗೆ ಕಾದಳು. ಮಗಳು ಏದುಸಿರು ಬಿಡುತ್ತ ಬಂದು, ಎರಡೂ ಕೈಯಿಂದ ಕ್ಯಾನು ಹಿಡಿದು, ಅವ್ವನ ಜೊತೆ ಬಾಗಿ ಕೆಳಗಿಟ್ಟಳು. ಸಿಂಬಿಯನ್ನೂ ತಾನೇ ತೆಗೆದಳು. ಬೆವರಿಗೆ ಅಂಟಿದ ಅವ್ವನ ಕೂದಲು ಸರಿ ಮಾಡಿದಳು.

"ಈಗ ಖಾಲಿ," ಎಂದಳು.

"ಈಗ ಖಾಲಿ," ಎಂದಳು ಅಂಬವ್ವ.

ಒಬ್ಬೊಬ್ಬರಾಗಿ ಉಳಿದವರೂ ಬರತೊಡಗಿದರು. ಪ್ರಜ್ವಲ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, "ಅವ್ವಾರ, ನನ್ನಿಂದ ತಪ್ಪಾತ್ರಿ. ನಾ ಕಾಲು ನೋಡಬೇಕಿತ್ತು, ಗಡಿಯಾರ ನೋಡಿದೆ," ಎಂದ. ಅಂಬವ್ವ ಮೊದಲ ಲೋಟ ನೀರು ಅವನಿಗೇ ಕೊಟ್ಟಳು. ಮಾಣಿಕಪ್ಪನಿಗೆ ಟವೆಲನ್ನು ಮಡಿಸಿ ಕೊಟ್ಟಳು. ಬಂದವರು ಕುಡಿಯುವುದನ್ನು ನೋಡಿ ಆಕೆಯ ಹೊಟ್ಟೆ ತಣ್ಣಗಾಯಿತು. ಆಮೇಲೆ ಬಂಡೆಯ ನಟ್ಟನಡುವೆ ಕುಳಿತು, ಗುಲಾಬಿ ಲಾಡಿ ಬಿಚ್ಚಿ, ಬೂಟು ಪಕ್ಕಕ್ಕಿಟ್ಟು ಕಾಲು ಚಾಚಿದಳು. ಮಗಳು ಒರಗಿ ಕುಳಿತಳು.

"ಇದನ್ನ ಕಟ್ಟಿದವ್ರು ಯಾರು ಸ್ನೇಹಾ?"

"ಗುಡ್ಡಾನ ಯಾರು ಕಟ್ತಾರವ್ವ? ಯಾರೂ ಕಟ್ಟಿಲ್ಲ."

"ಹಂಗಾರ ಇಳೀರಿ ಅನ್ನಾವ್ರೂ ಇಲ್ಲ," ಎಂದು ಅಂಬವ್ವ ಬಂಡೆಯನ್ನು ಅಂಗೈಯಿಂದ ಸವರಿದಳು. ಸ್ನೇಹಲತಾ ಆ ಕೈ ಹಿಡಿದುಕೊಂಡಳು, ಈ ಸಲ ಅಳಲಿಲ್ಲ.

ಎಲ್ಲರಿಗಿಂತ ಕೊನೆಗೆ ಪರಮೇಶ ಸಾಹೇಬರು ಬಂದರು. ಬೆನ್ನ ಮೇಲಿನ ಚೀಲ ಜಾರಿ ಸೊಂಟಕ್ಕೆ ಬಂದಿತ್ತು. ಬಂಡೆಯ ತುಂಬ ಜನ ಕುಳಿತಿದ್ದನ್ನು ಕಂಡು ಅಂಚಿನಲ್ಲೇ ನಿಂತು, "ಅವ್ವಾರ, ನಾನೂ ಇಲ್ಲಿ ಕುಂದ್ರಬಹುದೇನ್ರಿ?" ಎಂದು ಕೇಳಿದರು.

ಅಂಬವ್ವ ಬೂಟು ಎತ್ತಿಕೊಂಡು ಸರಿದು ಜಾಗ ಬಿಟ್ಟಳು. "ಬರ್ರಿ ಸಾಹೇಬ್ರ, ಕುಂದ್ರಿ. ಇಲ್ಲಿ ಯಾರ ಮನಿಗೆ ಅಂತ ನಾವು ಕೇಳಂಗಿಲ್ಲ," ಎಂದಳು.